ತೆರೆಯ ಮೇಲಿನ ಓಟ: ಜಿಟಿ-ಆರ್ ಬಲವೋ, ಆರ್‌ಎಕ್ಸ್-7 ಲಾಘವವೋ?

ಜಪಾನಿನ ತೊಚಿಗಿ ಕಾರ್ಖಾನೆಯಿಂದ 2025ರ ಆಗಸ್ಟ್ 26ರಂದು ಕೊನೆಯ ನಿಸ್ಸಾನ್ 'ಆರ್35' ಜಿಟಿ-ಆರ್ ಹೊರಬಂದಿತು. 18 ವರ್ಷಗಳ ಅವಧಿಯಲ್ಲಿ ಅಲ್ಲಿ ಸಿದ್ಧವಾದ ಈ ಕಾರುಗಳ ಸಂಖ್ಯೆ ಸುಮಾರು 48 ಸಾವಿರ. ಅದಕ್ಕೂ 23 ವರ್ಷ ಮೊದಲು, 2002ರ ಆಗಸ್ಟ್‌ನಲ್ಲಿ, ಮಾಜ್ದಾ ಸಂಸ್ಥೆಯ ಆರ್‌ಎಕ್ಸ್-7 ತಯಾರಿಕೆ ನಿಂತುಹೋಗಿತ್ತು. ಕಾರ್ಖಾನೆಗಳ ಪಾಲಿಗೆ ಎರಡೂ ಈಗ ಇತಿಹಾಸ. ಆದರೆ ಪ್ಲೇಸ್ಟೇಷನ್‌ನ 'ಗ್ರಾನ್ ಟುರಿಸ್ಮೊ 7' ಆಟದಲ್ಲಿ ಇವೆರಡೂ ಇಂದಿಗೂ ಓಡುತ್ತಿವೆ. ಇವುಗಳಲ್ಲಿ ಯಾವುದು ಮೇಲು ಎಂಬ ಆಟಗಾರರ ವಾದವೂ ಮುಗಿದಿಲ್ಲ.

ಮೇಲ್ನೋಟಕ್ಕೆ ಇದು ಹುಡುಗಾಟದ ವಾದವೆನಿಸಬಹುದು. ಆದರೆ ವಾಹನ ತಂತ್ರಜ್ಞಾನದ ಎರಡು ಪರಸ್ಪರ ವಿರುದ್ಧ ಸಿದ್ಧಾಂತಗಳು ಇದರ ಹಿಂದಿವೆ. ಜೊತೆಗೆ, ರಸ್ತೆಯಿಂದ ಮರೆಯಾಗುತ್ತಿರುವ ಯಂತ್ರಗಳನ್ನು ಮುಂದಿನ ತಲೆಮಾರಿಗಾಗಿ ಕಾಪಿಡುವವರು ಯಾರು ಎಂಬ ಗಂಭೀರ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಎರಡು ಯಂತ್ರ, ಎರಡು ಸಿದ್ಧಾಂತ

ಈ ಎರಡು ಕಾರುಗಳ ಭಿನ್ನತೆಗೆ ಜಪಾನಿನ ಉದ್ಯಮದ ಒಂದು ಒಳ ಒಪ್ಪಂದವೂ ಕಾರಣ. ಯಾವ ಕಾರೂ 280 ಅಶ್ವಶಕ್ತಿ ಮೀರಬಾರದೆಂದು ಅಲ್ಲಿನ ತಯಾರಕರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಕಟ್ಟುಪಾಡು 2004ರವರೆಗೆ ಜಾರಿಯಲ್ಲಿತ್ತು. 1991ರಲ್ಲಿ ಬಂದ 'ಎಫ್‌ಡಿ' ಮಾದರಿಯ ಆರ್‌ಎಕ್ಸ್-7 ಆ ಕಾಲದ ಕೂಸು. ಬಲಕ್ಕೆ ಮಿತಿಯಿದ್ದಾಗ ತೂಕ ಇಳಿಸುವುದೊಂದೇ ದಾರಿ. 1500 ಕಾರುಗಳಿಗಷ್ಟೇ ಸೀಮಿತವಾಗಿದ್ದ ಕೊನೆಯ 'ಸ್ಪಿರಿಟ್ ಆರ್' ಆವೃತ್ತಿಯ ಟೈಪ್ ಎ ಕಾರಿನ ತೂಕ ಕೇವಲ 1270 ಕಿಲೋ. ಪಿಸ್ಟನ್‌ಗಳಿಲ್ಲದ, ತ್ರಿಕೋನಾಕಾರದ ಎರಡು ರೋಟರ್‌ಗಳು ಗಿರಗಿರನೆ ತಿರುಗುವ ಅದರ ಎಂಜಿನ್ ಬಲು ಚಿಕ್ಕದು. ಅದನ್ನು ಮುಂದಿನ ಗಾಲಿಗಳ ಅಚ್ಚಿನ ಹಿಂದಕ್ಕೆ ಕೂರಿಸಿ, ಹಿಂದೆ ಮುಂದೆ ಭಾರ ಸಮನಾಗಿ ಹಂಚಿಹೋಗುವಂತೆ ನೋಡಿಕೊಳ್ಳಲಾಗಿತ್ತು. ಓಡಿಸುವ ಬಲವೆಲ್ಲ ಹಿಂದಿನ ಎರಡು ಗಾಲಿಗಳಿಗೆ.

ಕಟ್ಟುಪಾಡು ತೊಲಗಿದ ಮೇಲೆ, 2007ರಲ್ಲಿ, ಬಂದದ್ದು ಈ ಜಿಟಿ-ಆರ್. 3.8 ಲೀಟರಿನ ಅವಳಿ ಟರ್ಬೊ ಎಂಜಿನ್, ಆರಂಭದಲ್ಲೇ 480 ಅಶ್ವಶಕ್ತಿ, ನಾಲ್ಕೂ ಗಾಲಿಗಳಿಗೆ ಚಾಲನೆ. ತೂಕ ಸುಮಾರು 1740 ಕಿಲೋ. ಅಂದರೆ ಮಾಜ್ದಾಗಿಂತ 470 ಕಿಲೋ ಹೆಚ್ಚು. ಯಾವ ಗಾಲಿಗೆ ಎಷ್ಟು ಬಲ ಸಲ್ಲಬೇಕೆಂಬುದನ್ನು ಇಲ್ಲಿ ಕಂಪ್ಯೂಟರ್ ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ. ಪ್ರತಿ ಅಶ್ವಶಕ್ತಿಯ ಪಾಲಿಗೆ ಬರುವ ಭಾರ ಜಿಟಿ-ಆರ್‌ನಲ್ಲಿ 3.6 ಕಿಲೋ, ಆರ್‌ಎಕ್ಸ್-7ರಲ್ಲಿ 4.5 ಕಿಲೋ. ನೇರ ದಾರಿಯಲ್ಲಿ ಗೆಲ್ಲುವುದು ಯಾವುದೆಂದು ಈ ಲೆಕ್ಕವೇ ಹೇಳಿಬಿಡುತ್ತದೆ.

ತಿರುವಿನಲ್ಲಿ ತಿರುಗುವ ಲೆಕ್ಕ

ಆದರೆ ಓಟವೆಂದರೆ ನೇರ ದಾರಿಯಷ್ಟೇ ಅಲ್ಲ. 20 ಕಿಲೋಮೀಟರ್‌ಗೂ ಉದ್ದನೆಯ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ಜಿಟಿ-ಆರ್ ಪ್ರಶ್ನಾತೀತ. ಕೇವಲ 2 ಕಿಲೋಮೀಟರ್ ಸುತ್ತಳತೆಯ ಜಪಾನಿನ ತ್ಸುಕುಬಾದಲ್ಲಿ ಅಂತರ ಕಿರಿದಾಗುತ್ತದೆ. ಅಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಮತ್ತೊಂದು ಎದುರಾಗುವುದರಿಂದ, ಭಾರವನ್ನು ಪದೇಪದೇ ತಡೆದು ನಿಲ್ಲಿಸಬೇಕಾದ ಕಾರಿಗೆ ಕಷ್ಟ. ಹಗುರ ಕಾರು ತಡವಾಗಿ ಬ್ರೇಕ್ ಒತ್ತಿಯೂ ತಿರುವಿಗೆ ನುಗ್ಗಬಲ್ಲದು. ಹೆಚ್ಚು ಸುತ್ತುಗಳ ಓಟವಾದರಂತೂ ಭಾರದ ಕಾರಿನ ಟೈರುಗಳು ಬೇಗ ಸವೆಯುತ್ತವೆ.

ಶಕ್ತಿ, ತೂಕ ಮತ್ತು ಟೈರುಗಳನ್ನು ಪರಿಗಣಿಸಿ ಪ್ರತಿ ಕಾರಿಗೂ ಅಂಕ ನೀಡುವ ಪದ್ಧತಿ ಈ ಆಟದಲ್ಲಿದೆ. ಅಂಕ ಸಮವಾಗುವಂತೆ ಎರಡೂ ಕಾರುಗಳನ್ನು ಸಜ್ಜುಗೊಳಿಸಿದಾಗ ಸ್ವಭಾವದ ವ್ಯತ್ಯಾಸ ಎದ್ದು ಕಾಣುತ್ತದೆ. ಜಿಟಿ-ಆರ್ ತಿರುವನ್ನು ಹೊಗುವಾಗ ಮೂತಿಯನ್ನು ಹೊರಕ್ಕೆ ಎಳೆದರೂ, ಹೊರಡುವಾಗ ನಾಲ್ಕು ಗಾಲಿಗಳ ಹಿಡಿತದಿಂದ ಬೇಗ ವೇಗ ಪಡೆಯುತ್ತದೆ. ಸಣ್ಣಪುಟ್ಟ ತಪ್ಪುಗಳನ್ನು ಅದು ಮನ್ನಿಸುತ್ತದೆ. ಆರ್‌ಎಕ್ಸ್-7ರ ಪರಿ ಬೇರೆ. ಅದರ ಎರಡು ಟರ್ಬೊಗಳಲ್ಲಿ ಎರಡನೆಯದು ಎಂಜಿನ್ ನಿಮಿಷಕ್ಕೆ ಸುಮಾರು 4500 ಸುತ್ತು ತಲುಪಿದ ನಂತರ ಜೊತೆಗೂಡುತ್ತದೆ. ಕಾರು ಇನ್ನೂ ಓರೆಯಾಗಿರುವಾಗಲೇ ಅವಸರಪಟ್ಟು ವೇಗವರ್ಧಕ ಒತ್ತಿದರೆ ಹಿಂಭಾಗ ಜಾರಿ, ಕಾರು ಗಿರಕಿ ಹೊಡೆಯುವುದು ಖಚಿತ. ಆದ್ದರಿಂದಲೇ ಹೊಸಬರು ಜಿಟಿ-ಆರ್‌ಗೆ ಒಲಿದರೆ, ಪಳಗಿದವರು ಆರ್‌ಎಕ್ಸ್-7ಕ್ಕೆ ಮರಳುತ್ತಾರೆ. ಮೊದಲನೆಯದು ಚಾಲಕನನ್ನು ಕಾಯುತ್ತದೆ, ಎರಡನೆಯದು ಅವನನ್ನು ತಿದ್ದುತ್ತದೆ.

ಆಟದಿಂದ ರಸ್ತೆಗೆ

ಈ ಕಾರುಗಳ ಕೀರ್ತಿಯಲ್ಲಿ ಆಟದ ಪಾಲು ಎಷ್ಟೆಂಬುದೂ ಗಮನಾರ್ಹ. ಗ್ರಾನ್ ಟುರಿಸ್ಮೊದ ಮೊದಲ ಆವೃತ್ತಿ 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ, ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಜಿಟಿ-ಆರ್‌ನ ಪೂರ್ವಜ ಸ್ಕೈಲೈನ್ ಅಮೆರಿಕದ ಮಳಿಗೆಗಳಲ್ಲಿ ಮಾರಾಟಕ್ಕಿರಲಿಲ್ಲ. ಅಲ್ಲಿನ ಹುಡುಗರು ಅದನ್ನು ಕಂಡದ್ದು ತೆರೆಯ ಮೇಲೆಯೇ. 25 ವರ್ಷ ಹಳೆಯದಾದ ಕಾರನ್ನು ಆಮದು ಮಾಡಿಕೊಳ್ಳಲು ಅಮೆರಿಕದ ಕಾನೂನು ಅವಕಾಶ ನೀಡಿದಾಗ ಅದೇ ಹುಡುಗರು ಕೊಳ್ಳುವ ಶಕ್ತಿಯುಳ್ಳ ಗೃಹಸ್ಥರಾಗಿದ್ದರು. 2007ರ ಜಿಟಿ-ಆರ್‌ನ ಮುಂಫಲಕದಲ್ಲಿರುವ ಮಾಹಿತಿ ಪರದೆಯನ್ನು ವಿನ್ಯಾಸಗೊಳಿಸಿದ್ದೂ ಆಟವನ್ನು ರೂಪಿಸಿದ ಪಾಲಿಫೋನಿ ಡಿಜಿಟಲ್ ಸಂಸ್ಥೆಯೇ. ಭಾರತದಲ್ಲಿ ಈ ಕಾರು 2016ರ ಡಿಸೆಂಬರ್‌ನಲ್ಲಿ 1.99 ಕೋಟಿ ರೂಪಾಯಿ ಬೆಲೆಯೊಂದಿಗೆ ಬಿಡುಗಡೆಯಾಯಿತು. ಅಷ್ಟು ಹಣ ತೆರಲಾರದ ಬಹುಪಾಲು ಜನರಿಗೆ ಆಟವೇ ಅದರ ಷೋರೂಂ.

ಒಡೆತನ ಯಾರದು?

ನಿಜವಾದ ತೊಡಕು ಇರುವುದು ಇಲ್ಲಿಯೇ. ತೆರೆಯ ಮೇಲಿನ ಕಾರನ್ನು ಕೊಂಡವನು ಅದರ ಒಡೆಯನಾಗುವುದಿಲ್ಲ. 2022ರ ಮಾರ್ಚ್‌ನಲ್ಲಿ ಗ್ರಾನ್ ಟುರಿಸ್ಮೊ 7ರ ಸರ್ವರ್‌ಗಳು ಒಂದು ದಿನಕ್ಕೂ ಹೆಚ್ಚು ಕಾಲ ಸ್ಥಗಿತಗೊಂಡಾಗ, ಒಬ್ಬನೇ ಕುಳಿತು ಆಡುವವನಿಗೂ ತನ್ನ ಗ್ಯಾರೇಜಿನ ಬಾಗಿಲು ತೆರೆಯಲಾಗಲಿಲ್ಲ. ಯೂಬಿಸಾಫ್ಟ್ ಸಂಸ್ಥೆಯ 'ದಿ ಕ್ರೂ' ಎಂಬ ಕಾರ್ ರೇಸ್ ಆಟದ ಸರ್ವರ್‌ಗಳು 2024ರ ಮಾರ್ಚ್ 31ರಂದು ಶಾಶ್ವತವಾಗಿ ಮುಚ್ಚಿದವು. ಹಣ ಕೊಟ್ಟು ಕೊಂಡವರ ಪ್ರತಿಗಳು ನಿರುಪಯುಕ್ತವಾದವು. ಅದೇ ವರ್ಷದ ಡಿಸೆಂಬರ್‌ನಲ್ಲಿ 'ಫೋರ್ಜಾ ಹೊರೈಜನ್ 4' ಮಾರಾಟದಿಂದ ಹಿಂತೆಗೆಯಲ್ಪಟ್ಟಿತು. ಅದಕ್ಕೆ ಕಾರಣ ಪರವಾನಗಿಗಳ ಅವಧಿ ತೀರಿದ್ದು.

ಇದರ ವಿರುದ್ಧ ಯೂರೋಪಿನಲ್ಲಿ ಎದ್ದ ನಾಗರಿಕ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಮೀರಿದ ಸಹಿಗಳು ಬಿದ್ದವು. ಡಿಜಿಟಲ್ ವಸ್ತು ಮಾರುವವರು ತಾವು ಕೊಡುತ್ತಿರುವುದು ಒಡೆತನವಲ್ಲ, ಬಳಕೆಯ ಪರವಾನಗಿ ಮಾತ್ರ ಎಂದು ಸ್ಪಷ್ಟಪಡಿಸಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿಯಿಂದ ಜಾರಿಗೆ ಬಂದಿತು. ಇದು ಗ್ರಾಹಕನಿಗೆ ಸತ್ಯ ತಿಳಿಸುತ್ತದೆ ನಿಜ, ಆದರೆ ಕಳೆದುಕೊಂಡದ್ದನ್ನು ಮರಳಿಸುವುದಿಲ್ಲ.

ಸರ್ವರ್ ನಡೆಸಲು ವೆಚ್ಚ ತಗಲುತ್ತದೆ, ಕಾರು ಕಂಪನಿಗಳ ಪರವಾನಗಿಗೆ ಅವಧಿಯಿದೆ ಎಂಬ ತಯಾರಕರ ವಾದವನ್ನು ಸಂಪೂರ್ಣ ತಳ್ಳಿಹಾಕುವಂತಿಲ್ಲ. ಆದರೆ ಆಟವನ್ನು ಮುಚ್ಚುವ ಮೊದಲು ಸರ್ವರ್‌ನ ನೆರವಿಲ್ಲದೆ ಆಡಬಹುದಾದ ರೂಪಕ್ಕೆ ಅದನ್ನು ತಂದಿಡುವುದು ಅತಿಯಾದ ಬೇಡಿಕೆಯೇನಲ್ಲ. ಆರ್‌ಎಕ್ಸ್-7 ಉಳ್ಳವನು ಮಾಜ್ದಾ ತಯಾರಿಕೆ ನಿಲ್ಲಿಸಿದ ಮೇಲೂ ತನ್ನ ಕಾರನ್ನು ರಿಪೇರಿ ಮಾಡಿಸಿ ಓಡಿಸಬಲ್ಲ. ತೆರೆಯ ಮೇಲಿನ ಕಾರಿಗೆ ಆ ಭಾಗ್ಯವಿಲ್ಲ. ಬಲ ಮೇಲೋ ಲಾಘವ ಮೇಲೋ ಎಂಬ ವಾದ ಮುಂದಿನ ತಲೆಮಾರಿಗೂ ಉಳಿಯಬೇಕಾದರೆ, ಮೊದಲು ಆ ಎರಡು ಕಾರುಗಳು ಓಡುವ ಪಥ ಉಳಿಯಬೇಕಾಗಿದೆ.