ಬಕೆಟ್ ಇಡೋದು ಇನ್ನೆಷ್ಟು ವರ್ಷ?

ಮಳೆಗಾಲ ಬಂತೆಂದರೆ ನಿಮ್ಮ ಮನೆಯಲ್ಲೂ ಬಕೆಟ್, ಪಾತ್ರೆಗಳೆಲ್ಲ ನಡುಮನೆಗೆ ಬರುತ್ತವೆಯೇ? ಯಾವ ಮೂಲೆಗೆ ಬೋಗುಣಿ, ಯಾವ ಮೂಲೆಗೆ ಕೊಳಗ ಅನ್ನೋದು ಮನೆಯಲ್ಲಿ ನಿಮ್ಮೊಬ್ಬರಿಗೇ ಗೊತ್ತಿದ್ದರೆ, ಈ ಮಾತು ನಿಮಗೇ. ಮಾಡಿನ ರಿಪೇರಿ ಗಂಡಸರ ಕೆಲಸ ಅಂತ ನಾವು ಸುಮ್ಮನಿರ್ತೀವಿ. ಅವರು ‘ಈ ವರ್ಷ ಹೇಗೋ ಕಳೀಲಿ’ ಅಂತಾರೆ. ಹಾಗೇ ಏಳೆಂಟು ಮಳೆಗಾಲ ಕಳೆದುಹೋಗುತ್ತದೆ.

ಕರಾವಳಿ, ಮಲೆನಾಡಿನಲ್ಲಿ ಮಂಗಳೂರು ಹೆಂಚಿನ ಮನೆಯವರು ಕೇಳುವುದು ಒಂದೇ, ಹೆಂಚಿಗೆ ಆಯಸ್ಸೆಷ್ಟು? ಚೆನ್ನಾಗಿ ಸುಟ್ಟ ಹೆಂಚು 50 ವರ್ಷ ಆರಾಮಾಗಿ ಬಾಳುತ್ತದೆ, ಅಜ್ಜನ ಕಾಲದ್ದು ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಾಗಿರುವುದುಂಟು. (ಹಳೆಯ ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಎಂದು ಕಂಡರೆ ಅಷ್ಟು ಹಳೆಯದೆಂದು ಬೀಗಬೇಡಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ!) ಮೊದಲು ಸೋಲುವುದು ಕೆಳಗಿನ ಮರ. ನಮ್ಮ ಅತ್ತೆಯ ಮನೆಯ ಮಾಡು ಬಿಚ್ಚಿದಾಗ ಒಡೆದ ಹೆಂಚು ಒಂದು ಬುಟ್ಟಿಯಷ್ಟೂ ಸಿಗಲಿಲ್ಲ. ರೀಪು ಮಾತ್ರ ಕೈಯಲ್ಲಿ ಹಿಡಿದರೆ ಪುಡಿಪುಡಿ. ಅದರ ಕೆಳಗೇ ಮಕ್ಕಳು ಮಲಗುತ್ತಿದ್ದ ಮಂಚ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಸೌದೆ ಒಲೆಯಿದ್ದಾಗ ಹೊಗೆ ಹಿಡಿದ ಮರಕ್ಕೆ ಕುಟ್ಟೆ ಅಷ್ಟು ಬೇಗ ತಗಲುತ್ತಿರಲಿಲ್ಲ. ಗ್ಯಾಸ್ ಬಂದು ನಮ್ಮ ಕಣ್ಣು ಉಳಿಯಿತು, ಮಾಡಿನ ಮೇಲೆ ಮಾತ್ರ ನಿಗಾ ಹೆಚ್ಚಬೇಕಾಯಿತು. ಅಂಗಳದಲ್ಲಿ ದೂರ ನಿಂತು ಹೆಂಚಿನ ಸಾಲು ನೋಡಿ. ಸಾಲು ಅಲೆಯಂತೆ ಬಾಗಿದ್ದರೆ ಒಳಗೆ ಪಕಾಸಿ ಜಗ್ಗಿದೆ ಎಂದರ್ಥ. ಅಟ್ಟದಲ್ಲಿ ಹಿಟ್ಟಿನಂಥ ಪುಡಿ ಉದುರಿದೆಯೇ, ಗೆದ್ದಲಿನ ಮಣ್ಣಿನ ಗೆರೆಯಿದೆಯೇ ನೋಡಿ. ಸ್ಕ್ರೂಡ್ರೈವರ್‌ನಿಂದ ರೀಪು ಚುಚ್ಚಿದಾಗ ಸಲೀಸಾಗಿ ಒಳಗಿಳಿದರೆ ಇನ್ನೊಂದು ಮಳೆಗಾಲಕ್ಕೆ ಕಾಯಬೇಡಿ. ಮರ ಗಟ್ಟಿಯಿದ್ದರೆ ಹೆಂಚು ಕೈಯಾಡಿಸಿ, ಸೀಳಿದ್ದನ್ನಷ್ಟೇ ಬದಲಿಸಿದರೆ ಸಾಕು. ಕುಟ್ಟಿದಾಗ ಟಣ್ ಎನ್ನದೆ ಡಬ್ ಎಂದರೆ ಆ ಹೆಂಚು ಸೀಳಿದೆ.

ಪಕ್ಕದ ಮನೆಯವರು ತಗಡಿನ ಶೀಟ್ ಹಾಕಿಸಿದರು ಅಂತ ಗಟ್ಟಿ ಹೆಂಚು ಇಳಿಸುವುದು ನನಗಂತೂ ಒಪ್ಪಿಗೆಯಿಲ್ಲ. ಏಪ್ರಿಲ್ ಸೆಕೆಯಲ್ಲಿ ಅದರಡಿ ಬೇಯುವವರು ಯಾರು? ಮಳೆ ಸದ್ದಿಗೆ ಮಾತೂ ಕೇಳದು. ಹಳೆಯ ಆಸ್ಬೆಸ್ಟಾಸ್ ಶೀಟಿದ್ದರೆ ಒಡೆಯುವುದು, ಉಜ್ಜಿ ತೊಳೆಯುವುದು ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ತಾರಸಿ ಮನೆಯಲ್ಲಿ ಚಕ್ಕೆ ಉದುರಿ ತುಕ್ಕು ಹಿಡಿದ ಸರಳು ಕಂಡರೆ ಮೇಲೆ ಸಿಮೆಂಟ್ ಮೆತ್ತಿಸಿ ಸುಮ್ಮನಾಗಬೇಡಿ, ಎಂಜಿನಿಯರ್‌ಗೆ ತೋರಿಸಿ.

ನೆಲಕ್ಕೆ ಗ್ರಾನೈಟ್, ಹಾಲಿಗೆ ಶೋಕೇಸ್ ಎಂದು ದುಡ್ಡು ಹೊರಡುವ ಮೊದಲು ನೀವೇ ಬಾಯಿಬಿಟ್ಟು ಕೇಳಿ. ಚೀಟಿ ಎತ್ತಿದ ಹಣ ಮಾಡಿಗೆ ಹೋದರೆ ತಪ್ಪೇನು? ಮೇ ತಿಂಗಳಲ್ಲಿ ಬಡಗಿ ಕೈಗೆ ಸಿಗುವುದಿಲ್ಲ, ದೀಪಾವಳಿ ಮುಗಿದ ಕೂಡಲೇ ಹೇಳಿಡಿ. ಹನಿ ಬಿದ್ದ ಜಾಗಕ್ಕೆ ಮಳೆಗಾಲದಲ್ಲೇ ಇದ್ದಿಲಿನ ಗುರುತು ಹಾಕಿ, ಬೇಸಿಗೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ನೀರು ಪಕಾಸಿಯ ಗುಂಟ ಇಳಿದು ಬರುವುದರಿಂದ ಬಡಗಿಗೆ ಗುರುತಿನ ನೇರಕ್ಕಲ್ಲದೆ ಇಳಿಜಾರಿನ ಮೇಲ್ಭಾಗದಲ್ಲೂ ಹುಡುಕಲು ಹೇಳಿ.