ಗುಡ್ಡ ಇಳಿಯದ ವಿದ್ಯೆ

ಕಾಪು ತಾಲೂಕಿನ ಶಂಕರಪುರದಲ್ಲಿ ಮಲ್ಲಿಗೆ ಗಿಡವಿಲ್ಲದ ಹಿತ್ತಿಲನ್ನು ಹುಡುಕುವುದು ಕಷ್ಟ. ಕಳೆದ ಮಳೆಗಾಲ ಮುಗಿದ ಮೇಲೆ ಹಳೆಯ ಶಿಷ್ಯನೊಬ್ಬನ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಅವನ ತಾಯಿ ಜಗಲಿಯಲ್ಲಿ ಕುಳಿತು ಬಾಳೆನಾರಿನಿಂದ ಮೊಗ್ಗು ಕಟ್ಟುತ್ತಿದ್ದರು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನಕ್ಕೊಂದು.

“ಇವತ್ತು ಎಷ್ಟು ಬಾಯಮ್ಮ?” ಎಂದು ಕೇಳಿದೆ.

“ಯಾರಿಗೆ ಗೊತ್ತು ಮಾಸ್ಟ್ರೇ? ಕೊಯ್ಯುದು ನಾವು, ಕಟ್ಟುದು ನಾವು, ದರ ಹೇಳುದು ಮಾತ್ರ ಪೇಟೆಯವರು. ನಿನ್ನೆ ಏರಿದ್ದು ಇವತ್ತು ಯಾಕೆ ಇಳಿಯಿತು ಅಂತ ಒಬ್ಬರೂ ಹೇಳುದಿಲ್ಲ.” ಒಂದು ಗಂಟು ಬಿಗಿದು ಮತ್ತೆ ಹೇಳಿದರು: “ಅಲ್ಲ, ಮಗ ಬೀಕಾಂ ಕಲ್ತ, ಮಗಳೂ ಕಲ್ತಳು. ನಿಮ್ಮ ಯೂನಿವರ್ಸಿಟಿಯವರಿಗೆ ಇದು ಗೊತ್ತುಂಟಾ?”

ನಾನು ಚಹದ ಲೋಟದಲ್ಲಿ ಮುಖ ಮರೆಸಿಕೊಂಡೆ. ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಕಲಿಸಿದವನು ನಾನು. ಲಂಡನ್ನಿನ ಪೇಟೆಯಲ್ಲಿ ತಾಮ್ರದ ಬೆಲೆ ಹೇಗೆ ನಿಶ್ಚಯವಾಗುತ್ತದೆಂಬುದನ್ನು ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸಿದವನು. ಊರ ಮಲ್ಲಿಗೆಗೆ ಬೆಲೆ ಹೇಗೆ ಕಟ್ಟುತ್ತಾರೆಂದು ವಿದ್ಯಾರ್ಥಿಗಳನ್ನು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರುತ್ತಿರಲಿಲ್ಲವಷ್ಟೆ!

ಈ ಲೇಖನದ ದೂರು ಇಷ್ಟೆ: ಸಾರ್ವಜನಿಕರ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯವು ನಮ್ಮ ಉಡುಪಿ ಜಿಲ್ಲೆಯ ಪಾಲಿಗೆ ಪರೀಕ್ಷೆಯ ಕಚೇರಿಯಾಗಿ ಉಳಿದಿದೆ; ಅದಕ್ಕೆ ಕೊಣಾಜೆಯವರಿಗಿಂತ ನಾವೇ ಹೆಚ್ಚು ಹೊಣೆಗಾರರು.

ಇತಿಹಾಸವನ್ನು ಸ್ವಲ್ಪ ನೆನೆಯೋಣ. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಹುಟ್ಟಿದಾಗ ನಮ್ಮ ಹುಡುಗರ ಪದವಿ ಮದರಾಸಿನಿಂದ ಬರಬೇಕಾಗಿದ್ದಿತು. 1960ರಲ್ಲಿ ಕಾರ್ಕಳದಲ್ಲಿ ಭುವನೇಂದ್ರ ಕಾಲೇಜು ತೆರೆಯುವ ಹೊತ್ತಿಗೆ ನಾವು ಮೈಸೂರಿನ ಕಡೆಗೆ ಮುಖ ತಿರುಗಿಸಿದ್ದೆವು. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಮಂಗಳೂರಿಗೆ ಸ್ನಾತಕೋತ್ತರ ಕೇಂದ್ರವನ್ನು ಕೊಟ್ಟಿತು. ಅದೇ ಬೆಳೆದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಘಟ್ಟ ಹತ್ತದೆಯೇ ಎಂ.ಎ. ಓದಬಹುದೆಂಬುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಬೀಡಿ ಕಟ್ಟುವ ತಾಯಂದಿರ, ಮೀನು ಮಾರುವ ತಾಯಂದಿರ ಹೆಣ್ಣುಮಕ್ಕಳು ಪ್ರಾಧ್ಯಾಪಕಿಯರಾದುದು ಈ ಅಗ್ಗದ ಶುಲ್ಕದ ಬಾಗಿಲಿನಿಂದಲೇ. ಎಸ್. ವಿ. ಪರಮೇಶ್ವರ ಭಟ್ಟರಂಥವರು ಅಲ್ಲಿ ಕನ್ನಡವನ್ನು ಬೆಳೆಸಿದರು. ತುಳುವಿನ ಪಾಡ್ದನಗಳು, ಯಕ್ಷಗಾನ, ಭೂತಾರಾಧನೆ ಇವೆಲ್ಲ ವಿದ್ವತ್ತಿಗೆ ಯೋಗ್ಯವೆಂದು ಲೋಕ ಒಪ್ಪುವಂತಾದುದರಲ್ಲಿ ಆ ಗುಡ್ಡದ ಪಾಲು ದೊಡ್ಡದು. ಇದನ್ನು ಅಲ್ಲಗಳೆದರೆ ಕೃತಘ್ನತೆಯಾದೀತು.

ಆದರೆ ಪಾಡ್ದನ ಹಾಡುವವರ ಗದ್ದೆಗೆ ಉಪ್ಪುನೀರು ನುಗ್ಗಿದಾಗ ಆ ವಿದ್ವತ್ತು ಎಲ್ಲಿರುತ್ತದೆ? ಕಾಪುವಿನ ಕಡಲತೀರದಲ್ಲಿ ಮಳೆಗಾಲ ಬಂತೆಂದರೆ ತೆಂಗಿನ ಮರಗಳು ಅಲೆಯ ಬಾಯಿಗೆ ಬೀಳುತ್ತವೆ. ಕಲ್ಲು ತಂದು ಸುರಿಯುತ್ತಾರೆ. ಮರುವರ್ಷ ಮತ್ತೆ ಸುರಿಯುತ್ತಾರೆ. ಕಲ್ಲು ಹಾಕಿದ ಕಡೆ ದಡ ನಿಂತಿತೇ, ಪಕ್ಕದೂರಿನ ದಡ ಕರಗಿತೇ ಎಂದು ಆ ಊರಿನ ಜನರಿಗೆ ಅವರ ಭಾಷೆಯಲ್ಲಿ ಯಾರು ಹೇಳಿದ್ದಾರೆ? ಕಾರ್ಕಳದಲ್ಲಿ 1432ರ ಗೊಮ್ಮಟನನ್ನೂ 1586ರ ಚತುರ್ಮುಖ ಬಸದಿಯನ್ನೂ ನೋಡಲು ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಅದರಿಂದ ಪೇಟೆಗೆ ಬಂದುದೆಷ್ಟು, ಬೆಟ್ಟದ ಬುಡದ ಮನೆಗಳಿಗೆ ಬಂದುದೆಷ್ಟು ಎಂದು ಪ್ರತಿವರ್ಷ ಲೆಕ್ಕ ತೆಗೆದು ಊರಿಗೆ ಒಪ್ಪಿಸುವುದು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಅಸಾಧ್ಯವಾದ ಕೆಲಸವೇ?

“ಅದಕ್ಕೇನು, ನಮಗೆ ಮಣಿಪಾಲವಿದೆಯಲ್ಲ!” ಎನ್ನುವ ಮಿತ್ರರಿದ್ದಾರೆ. ಇದೆ, ಅದರ ಬಗ್ಗೆ ನನಗೆ ಗೌರವವೂ ಇದೆ. ಬೋಳುಗುಡ್ಡದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭಿಸಿದುದು ನಮ್ಮ ಜಿಲ್ಲೆಯ ಹೆಮ್ಮೆ. ಆ ಕಾಲೇಜಿನವರು ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮತ್ತು ಶಿಶುಕಲ್ಯಾಣ ಕೇಂದ್ರಗಳನ್ನೂ ನಡೆಸಿದರು. ಆದರೆ ಖಾಸಗಿ ಸಂಸ್ಥೆ ಹಳ್ಳಿಗಿಳಿದರೆ ಅದು ಅದರ ಔದಾರ್ಯ. ಇಳಿಯದಿದ್ದರೆ ನಾವು ಕೇಳುವಂತಿಲ್ಲ. ಸಾರ್ವಜನಿಕ ವಿಶ್ವವಿದ್ಯಾನಿಲಯ ಹಾಗಲ್ಲ. ಬಾಯಮ್ಮ ಕೊಳ್ಳುವ ಸಾಬೂನಿನ ತೆರಿಗೆಯಲ್ಲಿಯೂ ಅದರ ಅನ್ನವಿದೆ. ಅದು ಇಳಿದು ಬರುವುದು ಔದಾರ್ಯವಲ್ಲ, ಸಾಲ ತೀರಿಸುವುದು.

ಇಂಥ ಕೆಲಸ ನಮ್ಮ ಊರಿನಲ್ಲಿ ನಡೆಯಲಾರದೆಂದು ಯಾರೂ ಹೇಳದಿರಲಿ. ಗೋವಿಂದ ಪೈಗಳ ಹೆಸರಿನಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಒಂದು ಸಂಶೋಧನ ಕೇಂದ್ರವಿದೆ. ಪ್ರೊಫೆಸರ್ ಕು. ಶಿ. ಹರಿದಾಸ ಭಟ್ಟರ ಹಂಬಲದಿಂದಲೂ ಡಾಕ್ಟರ್ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಿಂದಲೂ ಸರ್ಕಾರದ ನೆರವಿನಿಂದಲೂ ಅಲ್ಲಿ ತುಳು ನಿಘಂಟು ಸಿದ್ಧವಾಯಿತು. 1988ರಿಂದ 1997ರ ವರೆಗೆ ಆರು ಸಂಪುಟಗಳು ಹೊರಬಂದುವು. ಆ ಶಬ್ದಗಳನ್ನು ಪುಸ್ತಕಗಳಿಂದ ಹೆಕ್ಕಿದರೆ ಸಾಲುತ್ತಿರಲಿಲ್ಲ. ಗದ್ದೆಯ ಬದುವಿನಲ್ಲಿ, ದೋಣಿಯ ಬಳಿಯಲ್ಲಿ, ದೈವದ ಕಟ್ಟೆಯಲ್ಲಿ ನಿಂತು ಕೇಳಬೇಕಾಗಿದ್ದಿತು. ಒಂದು ಕಾಲೇಜಿನ ಆವರಣದಲ್ಲಿ ಇದು ನಡೆಯಿತೆಂದರೆ, ಹತ್ತಾರು ವಿಭಾಗಗಳ ವಿಶ್ವವಿದ್ಯಾನಿಲಯಕ್ಕೆ ಏಕೆ ಸಾಧ್ಯವಿಲ್ಲ?

ದೂರದ ಒಂದು ದೇಶದ ಮಾತನ್ನೂ ಹೇಳುತ್ತೇನೆ. ಮೆಕ್ಸಿಕೊದಲ್ಲಿ 1936ರಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಪದವಿಗೆ ಮುನ್ನ ಹಳ್ಳಿಗಳಿಗೆ ಕಳುಹಿಸುವ ಕ್ರಮ ಆರಂಭವಾಯಿತು. ಮುಂದೆ ಅದು ಉಳಿದ ವಿದ್ಯೆಗಳಿಗೂ ಹಬ್ಬಿತು. ವಕೀಲನಾಗುವವನೂ ಎಂಜಿನಿಯರನಾಗುವವನೂ ಕನಿಷ್ಠ 480 ಗಂಟೆಗಳ ಸಮಾಜಸೇವೆ ಮುಗಿಸದೆ ಪದವಿ ಪಡೆಯುವಂತಿಲ್ಲ. ಅಲ್ಲಿಯೂ ಕಾಟಾಚಾರ ಇದ್ದೀತು, ಮನುಷ್ಯರೇ ತಾನೆ! ಆದರೆ ಓದಿದವನು ಓದಿಸಿದ ಜನಕ್ಕೆ ಋಣಿಯೆಂಬ ತತ್ತ್ವ ಕಾನೂನಿನಲ್ಲಿದೆ. ನಮ್ಮಲ್ಲಿ 1969ರಿಂದ ರಾಷ್ಟ್ರೀಯ ಸೇವಾ ಯೋಜನೆಯಿದೆ. ಅದರಲ್ಲಿ ಒಳ್ಳೆಯ ಕೆಲಸಗಳಾಗಿವೆ. ಆದರೆ ಎಷ್ಟೋ ಕಡೆ ಅದು ಮಂತ್ರಿಗಳು ಬರುವ ಮುನ್ನಾದಿನ ಹುಲ್ಲು ಕೆರೆಯುವುದಕ್ಕೂ ಶಿಬಿರದ ಕೊನೆಯಲ್ಲಿ ಗುಂಪಿನ ಫೋಟೋ ತೆಗೆಸಿಕೊಳ್ಳುವುದಕ್ಕೂ ಮುಗಿದುಹೋಗುತ್ತದೆ. ವಾಣಿಜ್ಯ ಕಲಿತ ಹುಡುಗನ ಕೈಗೆ ಪೊರಕೆ ಕೊಡುತ್ತೇವೆ. ಲೆಕ್ಕದ ಪುಸ್ತಕ ಕೊಡುವುದಿಲ್ಲ.

ಈ ಮಾತಿಗೆ ಈಗಲೇ ಏಕೆ ಅವಸರ? ಕಾರಣವಿದೆ. 2023ರಲ್ಲಿ ಕೊಡಗು ಮಂಗಳೂರಿನಿಂದ ಬೇರೆಯಾಗಿ ತನ್ನದೇ ವಿಶ್ವವಿದ್ಯಾನಿಲಯ ಪಡೆಯಿತು. ಎರಡು ವರ್ಷ ಕಳೆಯುವುದರೊಳಗೆ, 2025ರಲ್ಲಿ, ರಾಜ್ಯ ಸಂಪುಟದ ಉಪಸಮಿತಿಯು ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚಬೇಕೆಂದಿತು; ಕೊಡಗಿನದೂ ಆ ಪಟ್ಟಿಯಲ್ಲಿದ್ದಿತು. ಹಣವಿಲ್ಲ, ಜಾಗವಿಲ್ಲ, ಅಧ್ಯಾಪಕರಿಲ್ಲ ಎಂಬುದು ವಾದ. ವಿದ್ಯೆಯನ್ನು ಅಂಗಡಿಯಂತೆ ತೂಗುವ ಕಾಲ ಬಂದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಾಳೆ ಕೊಣಾಜೆಯನ್ನೂ ಅದೇ ತಕ್ಕಡಿಯಲ್ಲಿಟ್ಟರೆ ಅದರ ಪರವಾಗಿ ಮಾತನಾಡುವವರು ಯಾರು? ಅಂಕಪಟ್ಟಿ ಕೊಟ್ಟ ಕಚೇರಿಗಾಗಿ ಯಾರೂ ಬೀದಿಗಿಳಿಯುವುದಿಲ್ಲ. ತನ್ನ ದಡದ, ತನ್ನ ಹೂವಿನ ಲೆಕ್ಕ ಹೇಳಿಕೊಟ್ಟ ಸಂಸ್ಥೆಗಾಗಿ ಇಳಿದಾರು.

ಆದುದರಿಂದ ನನ್ನ ಬೇಡಿಕೆಗಳು ಮೂರು. ಒಂದು, ಪ್ರತಿಯೊಬ್ಬ ಪದವಿ ವಿದ್ಯಾರ್ಥಿಯೂ ತನ್ನ ಗ್ರಾಮದ ಒಂದು ಪ್ರಶ್ನೆಯನ್ನು ಹಿಡಿದು, ಉತ್ತರವನ್ನು ಕನ್ನಡದಲ್ಲಿ ಬರೆದು ಪಂಚಾಯತಿಗೆ ಒಪ್ಪಿಸಬೇಕು, ಅದಕ್ಕೆ ಅಂಕವಿರಬೇಕು. ಎರಡು, ಕಾಪು ತಾಲೂಕಿನ ಬೆಳಪುವಿನಲ್ಲಿ ವಿಶ್ವವಿದ್ಯಾನಿಲಯದ ಕೇಂದ್ರವೆಂದು ಹೇಳಿ ವರ್ಷಗಟ್ಟಲೆ ಎಳೆದ ಕೆಲಸವನ್ನು ಇನ್ನೊಂದು ಸಣ್ಣ ಕೊಣಾಜೆಯಾಗಿಸದೆ, ಈ ಜಿಲ್ಲೆಯ ಕಡಲು, ನೀರು, ಬೆಳೆ, ಪೇಟೆಗಳ ಅಧ್ಯಯನಕ್ಕೆ ಮೀಸಲಿಡಬೇಕು. ಮೂರು, ಸಿಂಡಿಕೇಟಿಗೆ ಸರ್ಕಾರ ನಾಮಕರಣ ಮಾಡುವಾಗ ಪಕ್ಷದ ಋಣ ತೀರಿಸುವುದನ್ನು ಬಿಟ್ಟು ಒಬ್ಬ ಮೀನುಗಾರನನ್ನೋ ಒಬ್ಬ ಕೃಷಿಕಳನ್ನೋ ಕೂರಿಸಲಿ.

ಇನ್ನು ನಾವು. ಉಡುಪಿಯ, ಮಣಿಪಾಲದ ನಮ್ಮಂಥ ಮಧ್ಯಮ ವರ್ಗದವರು ಮಕ್ಕಳನ್ನು ಬೆಂಗಳೂರಿಗೋ ಹೊರದೇಶಕ್ಕೋ ಕಳುಹಿಸಿ, ಇಲ್ಲಿಯ ವಿಶ್ವವಿದ್ಯಾನಿಲಯ ಕೆಟ್ಟಿತೆಂದು ಜಗಲಿಯಲ್ಲಿ ಕುಳಿತು ಕೊರಗುತ್ತೇವೆ. ನಮ್ಮ ಮಕ್ಕಳು ಹೋಗದ ಶಾಲೆಯ ಹೆಂಚು ಹಾರಿದರೆ ನಮಗೇನು ಎಂಬ ಈ ಧೋರಣೆ ಅದನ್ನು ಕೆಡಿಸಿದಷ್ಟು ಬೇರಾವುದೂ ಕೆಡಿಸಿಲ್ಲ. ಕೇಳುವವರಿಲ್ಲದ ಮನೆಯಲ್ಲಿ ದೀಪ ಹಚ್ಚುವವರು ಯಾರು?

ಶಂಕರಪುರದಿಂದ ಹೊರಡುವಾಗ ಬಾಯಮ್ಮ ಒಂದು ತುಂಡು ಮಲ್ಲಿಗೆ ಕಟ್ಟಿಕೊಟ್ಟರು, ನಮ್ಮ ಮನೆಯವಳಿಗೆಂದು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. “ದರ ಗೊತ್ತಾದ ಮೇಲೆ ಕೊಡಿ ಮಾಸ್ಟ್ರೇ,” ಎಂದು ನಕ್ಕರು. ಆ ಸಾಲ ಇನ್ನೂ ಹಾಗೆಯೇ ಇದೆ.