ಮೂವರ್ ಆರಿಸಿದ ಮೂವರು

ಕಳೆದ ವರ್ಷ ಏಪ್ರಿಲ್‌ನಲ್ಲಿ ನಾನೂ ನನ್ನಾಕೆಯೂ ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆವು. ಓಹಿಯೊ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿ ಅವಳ ಮನೆ. ಒಂದು ಬೆಳಗ್ಗೆ ಕಾಫಿ ಲೋಟ ಕೈಗಿಡುತ್ತಾ, "ಅಣ್ಣಾ, ಮೂವರ್ ಕೆಟ್ಟುಹೋಯ್ತು" ಅಂದಳು.

"ಯಾವ ಮೂವರು? ಯಾರ ಸಹವಾಸ ಮಾಡಿ ಕೆಟ್ಟರು?" ಎಂದು ಕೇಳಿದೆ.

ಅವಳು ಬಿದ್ದು ಬಿದ್ದು ನಕ್ಕಳು. ಹಿಂದಿನ ಆಗಸ್ಟಿನಲ್ಲಿ ಭಾವ ತೀರಿಕೊಂಡ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೆಟ್ಟದ್ದು ಲಾನ್ ಮೂವರ್, ಅಂದರೆ ಹುಲ್ಲು ಕತ್ತರಿಸುವ ಯಂತ್ರ. ನಮ್ಮಲ್ಲಿ ಮನೆ ಮುಂದೆ ಹುಲ್ಲು ಬೆಳೆದರೆ ಹಸುವಿಗೆ ಹಬ್ಬ. ಅಲ್ಲಿ ಹಾಗಲ್ಲ. ಹುಲ್ಲು ಎಂಟು, ಹತ್ತು ಅಂಗುಲ ದಾಟಿದರೆ ಮನೆಯವರಿಗೆ ನೋಟೀಸು ಕೊಡುವ ಊರುಗಳು ಎಷ್ಟೋ ಇವೆ. ಓಹಿಯೊದ ಹುಲ್ಲಿಗೆ ಮೇ ತಿಂಗಳೆಂದರೆ ಯೌವನ. ಒಂದು ವಾರ ಬಿಟ್ಟರೆ ಪಾದ ಮುಳುಗುತ್ತದೆ.

ಗ್ಯಾರೇಜಿಗೆ ಹೋಗಿ ನೋಡಿದೆ. ಹದಿನೆಂಟು ವರ್ಷ ದುಡಿದ ಪೆಟ್ರೋಲ್ ಯಂತ್ರ. ಅದರ ಮೇಲಿನ ಗೋಡೆಗೆ ಒಂದು ಹಳೆಯ ಕ್ಯಾಲೆಂಡರ್ ತೂಗುಹಾಕಿತ್ತು. ಆಯಿಲ್ ಬದಲಿಸಿದ್ದು, ಬ್ಲೇಡ್ ಸಾಣೆ ಹಿಡಿಸಿದ್ದು, ತಳಕ್ಕೆ ಅಂಟಿದ ಹುಲ್ಲು ಕೆರೆದದ್ದು, ಪ್ರತಿ ಅಕ್ಟೋಬರ್ ಕೊನೆಗೆ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿದ್ದು, ಎಲ್ಲವೂ ವರ್ಷವಾರು, ತಾರೀಖಿನ ಸಮೇತ ಭಾವನ ಅಕ್ಷರದಲ್ಲಿ. ಇಷ್ಟು ಚೊಕ್ಕಟವಾದ ಲೆಡ್ಜರನ್ನು ನಾನು ಬ್ಯಾಂಕಿನಲ್ಲೂ ಕಂಡಿದ್ದು ಕಡಿಮೆ. ಕೊನೆಯ ಬರಹ ಅವರು ತೀರಿಕೊಂಡ ವರ್ಷದ ಜುಲೈನದು.

ಆ ವರ್ಷದ ಅಕ್ಟೋಬರಿನಲ್ಲಿ ಪೆಟ್ರೋಲ್ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಲ್ಲಿನ ಪೆಟ್ರೋಲಿಗೆ ಎಥನಾಲ್ ಬೆರೆಸಿರುತ್ತಾರೆ. ಅದು ಚಳಿಗಾಲವಿಡೀ ನಿಂತರೆ ಕೆಟ್ಟು, ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. "ಅದನ್ನು ತೊಳೆಯಬಹುದು. ಆದರೆ ತಳದ ತಗಡು ತುಕ್ಕು ಹಿಡಿದು ತೂತಾಗಿದೆ, ಚಕ್ರ ತಿರುಗಿಸುವ ಗೇರೂ ಸವೆದಿದೆ. ಇದಕ್ಕೆ ಹಾಕುವ ದುಡ್ಡನ್ನು ಹೊಸದಕ್ಕೆ ಹಾಕಿ" ಎಂದ ರಿಪೇರಿಯವನು. ಲೆಕ್ಕ ಬಲ್ಲವನು.

ಮಕ್ಕಳೇ, ಈ ಯಂತ್ರದ ಮೂಲ ನಿಮಗೆ ತಮಾಷೆ ಎನಿಸಬಹುದು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸವರಿ ನಯಮಾಡುವ ಯಂತ್ರವನ್ನು ನೋಡಿ, ನೆಲದ ಹುಲ್ಲನ್ನೂ ಹೀಗೇ ಸವರಬಹುದಲ್ಲ ಎಂದು ಅವನಿಗೆ ಹೊಳೆಯಿತು. ಆದರೆ ಅವನ ಯಂತ್ರ ಎಷ್ಟು ಭಾರವೆಂದರೆ, ಹಿಂದಿನಿಂದ ಒಬ್ಬ ನೂಕಿದರೆ ಸಾಲದೆ, ಮುಂದಿನಿಂದ ಇನ್ನೊಬ್ಬ ಎಳೆಯಲೆಂದು ಎದುರಿಗೂ ಒಂದು ಹಿಡಿಕೆ ಇಟ್ಟಿದ್ದ. ಮುಂದೆ ದೊಡ್ಡ ಯಂತ್ರಗಳಿಗೆ ಕುದುರೆ ಕಟ್ಟಿದರು, ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳದಿರಲೆಂದು ಆ ಕುದುರೆಗಳಿಗೆ ಚರ್ಮದ ಬೂಟು ತೊಡಿಸಿದರು! ಈಗಿನ 'ಸೆಲ್ಫ್ ಪ್ರೊಪೆಲ್ಡ್' ಮೂವರಿಗೆ ಎಳೆಯುವವನೂ ಬೇಡ, ಕುದುರೆಯೂ ಬೇಡ. ಚಕ್ರವನ್ನು ಅದೇ ತಿರುಗಿಸಿಕೊಳ್ಳುತ್ತದೆ. ನಾವು ಹಿಡಿಕೆ ಹಿಡಿದು ಹಿಂದೆ ನಡೆದರೆ ಸಾಕು.

ಶನಿವಾರ ಅಳಿಯ ಬಂದ. ತಂಗಿಯ ಮಗ, ಇಪ್ಪತ್ತು ನಿಮಿಷದ ದಾರಿಯಲ್ಲಿ ಅವನ ಮನೆ. "ಹೊಸ ಮೂವರ್ ಯಾಕೆ ಮಾವ? ಹುಲ್ಲು ಕತ್ತರಿಸೋಕೆ ಜನ ಬರ್ತಾರೆ. ಅಮ್ಮನಿಗೆ ಅರವತ್ತೆಂಟು. ಹಿತ್ತಲಲ್ಲಿ ಇಳಿಜಾರು ಬೇರೆ. ಬಿದ್ದರೆ ನೋಡೋರು ಯಾರು?" ಎಂದ. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪನನ್ನು ಕಳೆದುಕೊಂಡ ಮಗನ ಭಯ ಅದು.

ತಂಗಿ ಪಲ್ಯದ ಬೀನ್ಸ್ ಹೆಚ್ಚುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಬಿಲ್ಲು ಕಟ್ಟೋದು ನಿನ್ನ ಫೋನಿಗೆ ಹೋಯ್ತು. ಹಿಮ ತೆಗೆಯೋಕೆ ಜನ ಬಂದರು. ಇನ್ನು ಹುಲ್ಲೂ ಬೇರೆಯವರು ಕತ್ತರಿಸಿದರೆ ಈ ಮನೇಲಿ ನಾನು ಮಾಡೋದೇನು ಹೇಳು? ಕಿಟಕಿ ಹತ್ರ ಕೂತು ನೋಡೋದಾ?"

ಯಾರೂ ಮಾತಾಡಲಿಲ್ಲ. ಮಲೆನಾಡಿನ ನಮ್ಮ ಮನೆಯ ಬ್ಯಾಣದಲ್ಲಿ ನಾವಿಬ್ಬರೂ ಕರುವಿಗೆ ಹುಲ್ಲು ಕೊಯ್ಯುತ್ತಿದ್ದುದು ನನಗೆ ನೆನಪಾಯಿತು. ನನ್ನ ಹೊರೆ ಕಟ್ಟುವಷ್ಟರಲ್ಲಿ ಅವಳದು ಕೊಟ್ಟಿಗೆ ಸೇರಿರುತ್ತಿತ್ತು. ಹುಲ್ಲು ಅವಳಿಗೆ ಹೊಸದಲ್ಲ, ಕತ್ತಿ ಮಾತ್ರ ಬದಲಾಗಿತ್ತು.

ನಾನು ಕಾಗದ, ಪೆನ್ನು ತೆಗೆದೆ. ಜನ ಕರೆಸಿದರೆ ಅವರು ಹೇಳಿದ ದರ ಒಂದು ಸಲಕ್ಕೆ 50 ಡಾಲರ್. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 28 ವಾರ ಹಿಡಿದರೆ ವರ್ಷಕ್ಕೆ 1,400 ಡಾಲರ್. ಹೊಸ ಮೂವರ್ ಅದರ ಅರ್ಧಕ್ಕಿಂತ ಕಡಿಮೆಗೆ ಬರುತ್ತದೆ. ಇನ್ನೊಂದು ಲೆಕ್ಕವನ್ನೂ ಮಾಡಿದೆ. ಅವಳ ಹುಲ್ಲು ನೆಲ ಸುಮಾರು 8,000 ಚದರಡಿ, ನಮ್ಮ ಮೂವತ್ತು-ನಲವತ್ತರ ಸೈಟು ಆರೂವರೆಗಿಂತ ಸ್ವಲ್ಪ ಹೆಚ್ಚು. 21 ಅಂಗುಲ ಅಗಲದ ಮೂವರ್‌ನಲ್ಲಿ ಸಾಲಿನ ಮೇಲೆ ಸಾಲು ತುಸು ಒತ್ತಿ ಹೋದರೆ ಒಟ್ಟು ನಡಿಗೆ ಸುಮಾರು ಒಂದೂವರೆ ಕಿಲೋಮೀಟರ್. "ಡಾಕ್ಟರು ಅಮ್ಮನಿಗೆ ನಡೀರಿ ಅಂದಿದ್ದಾರೋ ಇಲ್ಲವೋ?" ಎಂದೆ. ಅಳಿಯ ನಕ್ಕುಬಿಟ್ಟ. "ಆಯ್ತು ಮಾವ. ಆದರೆ ಆ ಇಳಿಜಾರಿಗೆ ಏನಾದರೂ ದಾರಿ ಹೇಳಿ."

ದಾರಿ ತಂಗಿಯೇ ಹೇಳಿದಳು. ಹಿತ್ತಲ ಮೂಲೆಯಲ್ಲಿ ತೀರಾ ಕಡಿದಾದ ತುಂಡಿಗೆ ಹುಲ್ಲೇ ಬೇಡ, ಡೇ ಲಿಲಿ ಹೂವಿನ ಗಡ್ಡೆ ನೆಡೋಣ ಎಂದು. ಉಳಿದ ಇಳಿಜಾರು ಅಂಥ ಅಪಾಯದ್ದಲ್ಲ. ನಡೆದು ನೂಕುವ ಮೂವರನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸದೆ ಅಡ್ಡಡ್ಡಲಾಗಿ ಓಡಿಸಬೇಕು. ಆಗ ಕಾಲು ಜಾರಿದರೂ ಯಂತ್ರ ಮೈಮೇಲೆ ಬರುವುದಿಲ್ಲ, ಕಾಲು ಅದರಡಿಗೂ ಹೋಗುವುದಿಲ್ಲ.

ಯಾವ ಯಂತ್ರ ಎನ್ನುವುದು ಮುಂದಿನ ಪ್ರಶ್ನೆ. ನಾಲ್ಕು ದಿನ ಕೂತು ಎರಡು ಪುಟದ ತಖ್ತೆ ಬರೆದೆ. ಮುಂಚಕ್ರ ಎಳೆಯುವ ಯಂತ್ರ ಸಪಾಟು ನೆಲಕ್ಕೆ ಒಳ್ಳೆಯದು. ಹಿಡಿಕೆಯನ್ನು ತುಸು ಒತ್ತಿ ಮೂತಿ ಎತ್ತಿದರೆ ಸುಲಭವಾಗಿ ತಿರುಗುತ್ತದೆ. ಆದರೆ ಏರಿನಲ್ಲಿ ಭಾರ ಹಿಂದಕ್ಕೆ ಬಿದ್ದು ಮುಂಚಕ್ರ ಜಾರುತ್ತದೆ. ಹಿಂದಿನ ಹುಲ್ಲುಚೀಲ ತುಂಬಿದರೂ ಅದೇ ಕಥೆ. ಇಳಿಜಾರಿಗೆ ಹಿಂಚಕ್ರ ನೂಕುವುದೇ ಸರಿ. ಇಲ್ಲಿಯವರೆಗೆ ನನ್ನ ಲೆಕ್ಕ ತಪ್ಪಿರಲಿಲ್ಲ. ಆಮೇಲೆ ಇಂಜಿನ್ ಬಲ, ಬಾಳಿಕೆ, ಬೆಲೆ ಎಲ್ಲಕ್ಕೂ ಅಂಕ ಕೊಟ್ಟು ಕೂಡಿಸಿದೆ. ಒಂದು ಪೆಟ್ರೋಲ್ ಯಂತ್ರ ಮೊದಲ ಸ್ಥಾನಕ್ಕೆ ಬಂತು. ತಖ್ತೆಯ ಕೆಳಗೆ ಸಹಿ ಹಾಕುವುದೊಂದು ಬಾಕಿ.

ಅಂಗಡಿಗೆ ಮೂವರೂ ಹೋದೆವು. ಆ ಯಂತ್ರದ ಮುಂದೆ ನಿಂತು ನಾನು ಭಾಷಣ ಮಾಡುತ್ತಿದ್ದಾಗ ಅಂಗಡಿಯವರು ಸ್ಟಾರ್ಟ್ ಮಾಡುವ ಹಗ್ಗದ ಹಿಡಿಯನ್ನು ತಂಗಿಗೆ ತೋರಿಸಿ, "ಎಳೆದು ನೋಡಿ" ಎಂದರು. ಅವಳು ಎಳೆದಳು. ಅರ್ಧಕ್ಕೆ ಕೈ ನಿಂತಿತು. ಮುಖ ಕಿವುಚಿತು. ಎರಡು ವರ್ಷದಿಂದ ಅವಳ ಬಲ ಹೆಗಲು ಹಿಡಿದುಕೊಂಡಿದೆ, ತಲೆ ಬಾಚಲೂ ಕಷ್ಟ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಂತ್ರವನ್ನು ಹಿಂದಕ್ಕೆ ಎಳೆಯಲು ಹೋದಳು. ಸುಮಾರು 40 ಕೆ.ಜಿ. ಭಾರ, ಕದಲಲಿಲ್ಲ. ಹಿಡಿಕೆ ಅವಳ ಎದೆಮಟ್ಟಕ್ಕೆ ಬರುತ್ತಿತ್ತು.

ನಾನು ತಖ್ತೆಯನ್ನು ಮಡಚಿ ಜೇಬಿಗಿಟ್ಟೆ. ಅದರಲ್ಲಿ ಹನ್ನೊಂದು ಕಾಲಂ ಇದ್ದವು. ನನ್ನ ತಂಗಿಯ ಹೆಗಲಿಗೆ, ಅವಳ ನಾಲ್ಕಡಿ ಹನ್ನೊಂದು ಅಂಗುಲ ಎತ್ತರಕ್ಕೆ ಒಂದು ಕಾಲಂ ಇರಲಿಲ್ಲ.

ಆಮೇಲೆ ಅವಳೇ ಆರಿಸಿದಳು. ಅಂಗಡಿಯ ಓಣಿಯಲ್ಲಿ ಐದು ಯಂತ್ರಗಳನ್ನು ಒಂದೊಂದಾಗಿ ನೂಕಿ ನೋಡಿ, ಬ್ಯಾಟರಿಯದೊಂದನ್ನು ಒಪ್ಪಿದಳು. ಗುಂಡಿ ಒತ್ತಿ ಸರಳು ಹಿಡಿದರೆ ಸಾಕು, ಹಗ್ಗದ ಗೋಜಿಲ್ಲ. ಪೆಟ್ರೋಲಿಲ್ಲ, ಆಯಿಲ್ಲಿಲ್ಲ. ಭಾರ 30 ಕೆ.ಜಿ. ಆಸುಪಾಸು, ಹಿಡಿಕೆಯನ್ನು ತಗ್ಗಿಸಬಹುದು, ಹಿಂಚಕ್ರದ ಚಾಲನೆ. ವೇಗವನ್ನು ಆಮೆ ನಡಿಗೆಗೆ ಇಳಿಸಬಹುದು. ಇದು ಮುಖ್ಯ, ಇಲ್ಲದಿದ್ದರೆ ಯಂತ್ರವೇ ನಮ್ಮನ್ನು ದರದರ ಎಳೆದೊಯ್ಯುತ್ತದೆ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ನನ್ನ ಅಂಕಗಣಿತ ಉಪಯೋಗಕ್ಕೆ ಬಂತು. ಡಬ್ಬದ ಮೇಲೆ ದಪ್ಪ ಅಕ್ಷರದ ವೋಲ್ಟ್ ನೋಡಿ ಮರುಳಾಗಬಾರದು. ವೋಲ್ಟನ್ನು ಪಕ್ಕದಲ್ಲಿ ಸಣ್ಣದಾಗಿ ಬರೆದ ಆಂಪಿಯರ್-ಅವರ್‌ನಿಂದ ಗುಣಿಸಬೇಕು. 40 ವೋಲ್ಟ್, 6 ಆಂಪಿಯರ್-ಅವರ್ ಎಂದರೆ 240 ವ್ಯಾಟ್-ಅವರ್. 56 ವೋಲ್ಟ್, 7.5 ಎಂದರೆ 420. ಎಷ್ಟು ಹೊತ್ತು ಓಡುತ್ತದೆ ಎಂಬ ಅಂದಾಜು ಸಿಗುವುದು ಈ ಗುಣಲಬ್ಧದಿಂದ. ಒದ್ದೆ ಹುಲ್ಲು, ಎತ್ತರದ ಹುಲ್ಲಿಗೆ ಬ್ಯಾಟರಿ ಬೇಗ ಬರಿದಾಗುತ್ತದೆ. ಮುಂದೊಂದು ದಿನ ಹೊಸ ಬ್ಯಾಟರಿಗೆ ದೊಡ್ಡ ಮೊತ್ತವೇ ಬೇಕಾಗುತ್ತದೆ. ಅದನ್ನೂ ಹೇಳಿದೆ. "ಆಗಲಿ ಅಣ್ಣಾ, ಆಗ ನೋಡೋಣ" ಅಂದಳು.

ತಂದ ದಿನ ತಂಗಿಯ ಮೊಮ್ಮಗ ಕುಣಿಯುತ್ತಾ ಬಂದ. "ಅಜ್ಜೀ, ನಾನು ಓಡಿಸ್ತೀನಿ!" ಅವನಿಗೆ ಹನ್ನೊಂದು. ನಡೆದು ನೂಕುವ ಮೂವರನ್ನು 12 ವರ್ಷದೊಳಗಿನವರ ಕೈಗೆ, ಕೂತು ಓಡಿಸುವುದನ್ನು 16ರೊಳಗಿನವರ ಕೈಗೆ ಕೊಡಬೇಡಿ ಎನ್ನುತ್ತಾರೆ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯವರು. ಬ್ಲೇಡಿಗೆ ಸಿಕ್ಕ ಕಲ್ಲು ಗುಂಡಿನಂತೆ ಹಾರುತ್ತದೆ, ಆದ್ದರಿಂದ ಹುಲ್ಲು ಕತ್ತರಿಸುವಾಗ ಚಿಕ್ಕ ಮಕ್ಕಳು ಮನೆಯೊಳಗೇ ಇರಬೇಕು. ಅವನನ್ನು ಕಿಟಕಿಯ ಒಳಗೆ ನಿಲ್ಲಿಸಿ ಒಂದು ಕೆಲಸ ಕೊಟ್ಟೆ. ಅಜ್ಜಿ ಹಿಡಿಕೆಯ ಸರಳು ಬಿಟ್ಟೊಡನೆ ಎಣಿಸಬೇಕು. ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕೆಂದು ಅಲ್ಲಿ 1982ರಿಂದ ಕಾನೂನಿದೆ. ಅವನು "ಒನ್, ಟೂ" ಎನ್ನುವಷ್ಟರಲ್ಲಿ ಸದ್ದು ಅಡಗಿತು.

ಇಬ್ಬನಿ ಆರಿದ ಮೇಲೆ ತಂಗಿ ಶುರು ಮಾಡಿದಳು. ಭಾವನ ಹಳೆಯ ಟೋಪಿ, ಕಾಲಿಗೆ ಗಟ್ಟಿ ಶೂ, ಜೇಬಿನಲ್ಲಿ ಫೋನು. ಒಮ್ಮೆಗೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಮೂರು ಅಂಗುಲವಾದರೂ ಬಿಡಬೇಕು, ಇಲ್ಲದಿದ್ದರೆ ಬೇರು ಸೊರಗುತ್ತದೆ. ಇದನ್ನು ಅವಳೇ ನನಗೆ ಹೇಳಿದಳು, ಭಾವ ಹೇಳುತ್ತಿದ್ದರಂತೆ. ಮೊದಲ ಸಾಲು ಡೊಂಕು. ಮೂರನೆಯದು ನೂಲು ಹಿಡಿದಂತೆ. ಅಳಿಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿದ್ದ. ಎರಡು ಸಲ ಎದ್ದ, ಎರಡು ಸಲವೂ ಅವನ ಅಂಗಿ ಹಿಡಿದು ಕೂರಿಸಿದೆ.

ಮನೆಯ ಹಿರಿಯರಿಗೆ ಏನಾದರೂ ಕೊಳ್ಳುವಾಗ, ಮಿಕ್ಸಿಯಾಗಲಿ ಮೊಬೈಲಾಗಲಿ, ದಯವಿಟ್ಟು ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಕೈಗೇ ಕೊಟ್ಟು ನೋಡಿ. ಎರಡು ಪುಟದ ತಖ್ತೆ ಬರೆದು ಸೋತವನ ಸಲಹೆ ಇದು.

ಸೆಪ್ಟೆಂಬರಿನಲ್ಲಿ ನಾವು ಊರಿಗೆ ಮರಳಿದೆವು. ಅಕ್ಟೋಬರ್ ಕೊನೆಗೆ ತಂಗಿ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಗ್ಯಾರೇಜಿನ ಅದೇ ಕ್ಯಾಲೆಂಡರ್. ಭಾವನ ಕೊನೆಯ ಸಾಲಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟು, ಕನ್ನಡದಲ್ಲಿ ಬರೆದಿದ್ದಳು: "ತಳ ಕೆರೆದಾಯಿತು. ಬ್ಯಾಟರಿ ಮನೆಯೊಳಗೆ ಇಟ್ಟಾಯಿತು." ತಾರೀಖು ಹಾಕಿ, ಪಕ್ಕದಲ್ಲಿ ಸಹಿಯನ್ನೂ ಮಾಡಿದ್ದಳು. ಬ್ಯಾಂಕಿನವನ ತಂಗಿಯಲ್ಲವೇ!